ತಿರುವಿನ ಲೆಕ್ಕ

ದೇವಸ್ಥಾನದಲ್ಲಿ ಇಬ್ಬರು ಕೈ ಹಿಡಿದುಕೊಂಡು ಪ್ರದಕ್ಷಿಣೆ ಹಾಕುವಾಗ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಮೂಲೆ ಬಂದಾಗ ಗೋಡೆಯ ಪಕ್ಕದವಳು ನಿಂತಲ್ಲೇ ತಿರುಗಿದಂತೆ ತಿರುಗುತ್ತಾಳೆ. ಹೊರಗಿನವಳು ಮಾತ್ರ ಬಿರಬಿರನೆ ನಾಲ್ಕು ಹೆಜ್ಜೆ ಹೆಚ್ಚು ಹಾಕಬೇಕು. ಕೈ ಬಿಡದೆ ಜೊತೆಯಾಗಿ ಹೋಗಬೇಕೆಂದರೆ ಒಬ್ಬಳು ನಿಧಾನಿಸಬೇಕು, ಇನ್ನೊಬ್ಬಳು ಅವಸರಿಸಬೇಕು.

ಗಾಡಿಯ ಎರಡು ಚಕ್ರಗಳಿಗೂ ಇದೇ ಪಾಡು. ಒಳಗಿನ ಚಕ್ರ 5 ಮೀಟರ್ ತ್ರಿಜ್ಯದಲ್ಲಿ ಕಾಲು ಸುತ್ತು ತಿರುಗಿತು ಎನ್ನಿ. ಅದಕ್ಕಿಂತ 1.2 ಮೀಟರ್ ಆಚೆಗಿರುವ ಹೊರಗಿನ ಚಕ್ರ ಅಷ್ಟರಲ್ಲಿ ಹೆಚ್ಚುಕಡಿಮೆ ಎರಡು ಮೀಟರ್ ಜಾಸ್ತಿ ಓಡಿರಬೇಕು. ಎತ್ತಿನ ಗಾಡಿಗೆ ಇದರಿಂದ ತೊಂದರೆಯಿಲ್ಲ. ಅದರ ಚಕ್ರಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ, ಎಳೆಯುವುದು ಎತ್ತುಗಳ ಹೆಗಲು. ಚಕ್ರವನ್ನೇ ತಿರುಗಿಸಿ ಗಾಡಿಯನ್ನು ಮುಂದೆ ತಳ್ಳುವ ಎಂಜಿನ್ ಬಂದ ಮೇಲೆ ತೊಡಕು ಶುರುವಾಯಿತು. ಎರಡು ಚಕ್ರಗಳನ್ನೂ ಒಂದೇ ಸರಳಿಗೆ ಬಿಗಿದರೆ ತಿರುವಿನಲ್ಲಿ ಒಂದು ಚಕ್ರ ನೆಲ ಕೆರೆಯುತ್ತದೆ, ಟೈರು ಸವೆಯುತ್ತದೆ, ಗಾಡಿ ತಿರುಗಲು ಹಟ ಮಾಡುತ್ತದೆ.

ಈ ಜಗಳವನ್ನು ಬಿಡಿಸುವ ಸಾಧನಕ್ಕೆ ಡಿಫರೆನ್ಷಿಯಲ್ ಎಂದು ಹೆಸರು. ಲಾರಿಯ ಹಿಂದೆ ಹೋಗುವಾಗ ಎರಡು ಹಿಂಚಕ್ರಗಳ ನಡುವೆ ಕಬ್ಬಿಣದ ಗಡಿಗೆ ಬೋರಲು ಬಿದ್ದಂತೆ ಕಾಣುತ್ತದಲ್ಲ, ಅದರ ಒಳಗೆ ಇದರ ಸಂಸಾರ. ಎಂಜಿನ್ನಿನಿಂದ ಬಂದ ಉದ್ದನೆಯ ಸರಳಿನ ತುದಿಯಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿ. ಅದು ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಕ್ರೌನಿಗೆ ಬಿಗಿದ ಗೂಡಿನೊಳಗೆ ಎದುರು ಬದುರಾಗಿ ಕೂತ ಪುಟ್ಟ ಗೇರುಗಳು, ಅವುಗಳ ಎಡಕ್ಕೂ ಬಲಕ್ಕೂ ಒಂದೊಂದು ಚಕ್ರದ ಆಕ್ಸಲ್ ಹಿಡಿದ ಗೇರುಗಳು. ನೇರ ರಸ್ತೆಯಲ್ಲಿ ಪುಟ್ಟ ಗೇರುಗಳು ತಾವು ಸುತ್ತದೆ ಎರಡು ಕಡೆಯವರನ್ನೂ ಹೊತ್ತುಕೊಂಡು ಹೋಗುತ್ತವೆ. ತಿರುವು ಬಂದಾಗ ತಾವೂ ಉರುಳಿ, ಒಳಗಿನ ಚಕ್ರದಿಂದ ಎಷ್ಟು ಸುತ್ತು ಕಳೆಯುತ್ತವೋ ಅಷ್ಟನ್ನೇ ಹೊರಗಿನದಕ್ಕೆ ಕೂಡಿಸುತ್ತವೆ. ಬಲವನ್ನು ಮಾತ್ರ ತಕ್ಕಡಿ ಹಿಡಿದಂತೆ ಎರಡೂ ಕಡೆಗೆ ಸಮನಾಗಿ ಹಂಚುತ್ತವೆ.

ಇಷ್ಟು ನ್ಯಾಯ ಕೆಲವೊಮ್ಮೆ ಕಷ್ಟಕ್ಕೂ ಬರುತ್ತದೆ. ಒಂದು ಚಕ್ರ ಕೆಸರಿನಲ್ಲಿ ಹೂತು ಹಿಡಿತ ತಪ್ಪಿದರೆ ಅದಕ್ಕೆ ಸಿಗುವ ಬಲ ಅತ್ಯಲ್ಪ. ಇನ್ನೊಂದಕ್ಕೂ ಅಷ್ಟೇ ಸಿಗಬೇಕಾದ್ದರಿಂದ ಗಟ್ಟಿ ನೆಲದ ಮೇಲಿರುವ ಚಕ್ರ ಕೈಕಟ್ಟಿ ನಿಂತುಬಿಡುತ್ತದೆ, ಕೆಸರಿನದು ಗಿರಗಿರ ಸುತ್ತಿ ಎಲ್ಲರ ಮೈಗೂ ರಾಡಿ ಎರಚುತ್ತದೆ. ಮಲೆನಾಡಿನ ಮಳೆಗಾಲ ಕಂಡವರಿಗೆ ಈ ದೃಶ್ಯವನ್ನು ವಿವರಿಸಬೇಕಾಗಿಲ್ಲ.

ನಾನು ಇದನ್ನೆಲ್ಲ ಕಲಿತದ್ದು ಯಾವ ಕಾಲೇಜಿನಲ್ಲೂ ಅಲ್ಲ, ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ. ಅದು 1986ರ ಮೇ ತಿಂಗಳು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವರು ಬಿಟ್ಟುಹೋದ ಹಳೆಯ ಜೀಪೊಂದೇ ನಮ್ಮ ಸುತ್ತಿನ ಹತ್ತು ಮನೆಗೂ ಗಾಡಿ. ಅಡಿಕೆ ಮಂಡಿಗೆ ಹೋಗುವುದೂ ಅದರಲ್ಲೇ, ಹೆರಿಗೆ ನೋವು ಬಂದವರನ್ನು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಸಾಗಿಸುವುದೂ ಅದರಲ್ಲೇ. ಅದು ಹಿಂದಿನಿಂದ 'ಗುಂಯ್' ಎಂದು ಗೋಳಿಡಲು ಶುರುಮಾಡಿತು. ಎಣ್ಣೆ ಇಳಿಸಿ ನೋಡಿದರೆ ಅದರಲ್ಲಿ ಉಕ್ಕಿನ ಚೂರುಗಳು. ಪೇಟೆಯ ಗ್ಯಾರೇಜಿನವರು ಹೇಳಿದ ಮೊತ್ತ ಆ ವರ್ಷ ನಮ್ಮಿಂದಾಗುವಂಥದ್ದಲ್ಲ. ಶಿವಮೊಗ್ಗದಲ್ಲಿ ಎರಡು ವರ್ಷ ಮೆಕ್ಯಾನಿಕ್ ಕೆಲಸ ಕಲಿತು ಬಂದಿದ್ದ ಅಣ್ಣ, "ಸಾಮಾನು ತಂದುಕೊಡಿ ಅಮ್ಮ, ಮನೇಲೇ ಬಿಚ್ತೀನಿ" ಎಂದ. ಅಮ್ಮ ಒಂದು ಗಳಿಗೆ ಅವನ ಮುಖ ನೋಡಿ, "ಬಿಚ್ಚೋದು ಯಾರಿಗೂ ಬರುತ್ತೆ ಮಾರಾಯ. ಜೋಡಿಸೋಕೆ ಬರುತ್ತಾ?" ಎಂದು ಕೇಳಿದರು. ಕೇಳಿದವರು ತಾವೇ ಅವನ ಪಕ್ಕ ಬಂದು ಕೂತರು.

ಅಮ್ಮನಿಗೆ ಯಂತ್ರವೆಂದರೆ ಹೆದರಿಕೆಯಿರಲಿಲ್ಲ. ಇಪ್ಪತ್ತು ವರ್ಷದಿಂದ ತಮ್ಮ ಹೊಲಿಗೆ ಯಂತ್ರವನ್ನು ತಾವೇ ಬಿಚ್ಚಿ, ಎಣ್ಣೆ ಬಿಟ್ಟು, ಜೋಡಿಸಿದವರು. ಕಳಚಿದ್ದನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಹಳೆಯ ಪಂಚೆಯ ಮೇಲೆ ಕಳಚಿದ ಕ್ರಮದಲ್ಲೇ ಇಟ್ಟರು. ಬೇರಿಂಗಿನ ಮುಚ್ಚಳಗಳು ಅದಲುಬದಲಾಗಬಾರದೆಂದು ಅಣ್ಣ ಹೇಳಿದಾಗ ಸೀಮೆಸುಣ್ಣದಲ್ಲಿ 'ಎಡ', 'ಬಲ' ಎಂದು ಬರೆದರು. ಕ್ರೌನನ್ನೂ ಪಿನಿಯನ್ನನ್ನೂ ಕಾರ್ಖಾನೆಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ, ಎರಡರ ಮೇಲೂ ಒಂದೇ ಸಂಖ್ಯೆ ಕೊರೆದಿರುತ್ತದೆ. ಒಂದು ಹಾಳಾದರೆ ಎರಡನ್ನೂ ಬದಲಿಸಬೇಕು. ಅಮ್ಮ ತಮ್ಮ ಒಂದು ಜೊತೆ ಬಳೆ ಅಡವಿಟ್ಟು ಹೊಸ ಜೋಡಿ ತರಿಸಿದರು.

ನಿಜವಾದ ಕೆಲಸ ಅಲ್ಲಿಂದ ಮುಂದೆ. ಪಿನಿಯನ್ ಕ್ರೌನಿಗೆ ಎಷ್ಟು ಹತ್ತಿರ ಕೂರಬೇಕು ಎಂಬುದನ್ನು ಶಿಮ್ ಎಂಬ ಕಾಗದದಷ್ಟು ತೆಳುವಾದ ಉಕ್ಕಿನ ಬಳೆಗಳು ತೀರ್ಮಾನಿಸುತ್ತವೆ. ಹಲ್ಲುಗಳ ನಡುವೆ ಒಂದಿಷ್ಟು ಆಟವೂ ಬೇಕು, 0.1ರಿಂದ 0.2 ಮಿಲಿಮೀಟರ್ ಸುತ್ತಮುತ್ತ. ಆಟವಿಲ್ಲದಿದ್ದರೆ ಬಿಸಿಯಾಗಿ ಹಿಡಿದುಕೊಳ್ಳುತ್ತದೆ, ಹೆಚ್ಚಾದರೆ ಹಲ್ಲು ಬಡಿದುಕೊಳ್ಳುತ್ತದೆ. ಅಣ್ಣ ಅದನ್ನು ಅಳೆಯುವ ಡಯಲ್ ಗೇಜನ್ನು ಯಾರಿಂದಲೋ ಕೇಳಿ ತಂದಿದ್ದ. ಹಲ್ಲಿಗೆ ನೀಲಿ ಬಣ್ಣ ಬಳಿದು ತಿರುಗಿಸಿದರೆ, ಎರಡು ಹಲ್ಲು ಎಲ್ಲಿ ತಾಗುತ್ತವೆಯೋ ಅಲ್ಲಿ ಬಣ್ಣ ಒರೆಸಿಹೋಗಿ ಗುರುತು ಬೀಳುತ್ತದೆ. ಆ ಗುರುತು ಹಲ್ಲಿನ ನಡುಭಾಗದಲ್ಲಿ ಬರಬೇಕು. ಮೊದಲ ಸಲ ಹಲ್ಲಿನ ಬುಡದಲ್ಲಿ ಬಂತು. ಪಿನಿಯನ್ ತೀರಾ ಒಳಗೆ ಹೋಗಿದೆ ಎಂದು ಎಲ್ಲ ಬಿಚ್ಚಿ ಶಿಮ್ ಕಡಿಮೆ ಮಾಡಿದರು. ಎರಡನೆಯ ಸಲ ತುದಿಗೆ ಬಂತು. ಅಣ್ಣ ಸ್ಪಾನರ್ ಕೆಳಗಿಟ್ಟು ಸುಮ್ಮನೆ ಕೂತ. "ಬಾಬಿನ್ ಕೇಸಿನ ದಾರ ಬಿಗಿ ಮಾಡೋಕೂ ಹೀಗೇ ಕೂರಬೇಕು, ಕಾಲು ತಿರುವು ಆಚೆ, ಕಾಲು ತಿರುವು ಈಚೆ. ಏಳು" ಎಂದರು ಅಮ್ಮ. ಗುರುತು ಸರಿಯಾದ ಜಾಗಕ್ಕೆ ಬಂದದ್ದು ನಾಲ್ಕನೆಯ ಸಲ, ಲಾಟೀನಿನ ಬೆಳಕಿನಲ್ಲಿ. ಜೂನ್ ಮೊದಲ ವಾರ ಮಳೆ ಹಿಡಿಯಿತು. ಆ ಮಳೆಗಾಲದಲ್ಲಿ ನಮ್ಮ ಜೀಪು ಇಬ್ಬರು ಬಸುರಿಯರನ್ನು ಹೊಳೆದಾರಿ ದಾಟಿಸಿ ಆಸ್ಪತ್ರೆಗೆ ಮುಟ್ಟಿಸಿತು.

ಆಮೇಲೆ ಎಷ್ಟೋ ವರ್ಷ ಊರಿನವರು ಅಣ್ಣನನ್ನು ಹೊಗಳಿದರು. ಅವನು ಹೊಗಳಿಕೆಗೆ ಅರ್ಹನೇ. ಆದರೆ ಅಮ್ಮ ಪಕ್ಕದಲ್ಲಿ ಕೂತದ್ದು ಯಾರ ಮಾತಿನಲ್ಲೂ ಬರಲಿಲ್ಲ. ಅದಕ್ಕೇ ಇರಬೇಕು, ಈ ಡಿಫರೆನ್ಷಿಯಲ್ಲಿನ ಚರಿತ್ರೆ ಓದುವಾಗಲೆಲ್ಲ ನನ್ನ ಕಣ್ಣು ಪಕ್ಕದಲ್ಲಿ ಕೂತವರನ್ನು ಹುಡುಕುತ್ತದೆ. ಹುಡುಕಿದರೆ ಸಿಗುತ್ತಾರೆ ಕೂಡ.

ರಸ್ತೆಯ ಗಾಡಿಗೆ ಇದನ್ನು ಅಳವಡಿಸಿ 1828ರಲ್ಲಿ ಪೇಟೆಂಟ್ ಪಡೆದವನು ಗಡಿಯಾರದ ಕೆಲಸದಿಂದ ಬಂದ ಫ್ರಾನ್ಸಿನ ಒನೆಸಿಫೋರ್ ಪೆಕರ್. ಅದು ಉಗಿಬಂಡಿಗಾಗಿ. ಜನಬಳಕೆಗೆ ತಂದವನು ಇಂಗ್ಲೆಂಡಿನ ಜೇಮ್ಸ್ ಸ್ಟಾರ್ಲಿ. ಇವನು ಮೊದಲು ಜಾನ್ ಪೆನ್ ಎಂಬ ಹಡಗು ಎಂಜಿನ್ ತಯಾರಕನ ಮನೆಯಲ್ಲಿ ತೋಟದ ಮಾಲಿ. ಯಜಮಾನನ ಹೆಂಡತಿಯ ಹೊಲಿಗೆ ಯಂತ್ರ ಕೆಟ್ಟಾಗ ಅದನ್ನು ರಿಪೇರಿ ಮಾಡಿದ್ದೇ ಅವನ ಬದುಕಿನ ತಿರುವು. ಅಲ್ಲಿಂದ ಕೊವೆಂಟ್ರಿಗೆ ಹೋಗಿ ಹೊಲಿಗೆ ಯಂತ್ರದ ಕಾರ್ಖಾನೆ ಸೇರಿದ. ಆ ಕಾರ್ಖಾನೆಯೇ 1869ರ ಹೊತ್ತಿಗೆ ಸೈಕಲ್ ತಯಾರಿಕೆಗೆ ಇಳಿಯಿತು. ಇಬ್ಬರು ಅಕ್ಕಪಕ್ಕ ಕೂತು ತುಳಿಯುವ ಸೈಕಲ್ ಬಂಡಿಯಲ್ಲಿ ಸ್ಟಾರ್ಲಿ ಮಗನ ಜೊತೆ ಹೊರಟಾಗ, ಮಗನ ತುಳಿತ ಜೋರಾಗಿ ಬಂಡಿ ಪಕ್ಕಕ್ಕೆ ಎಳೆದು ಹಳ್ಳಕ್ಕಿಳಿಯಿತಂತೆ. ಆ ಪೇಚಿನಿಂದ 1877ರಲ್ಲಿ ಹುಟ್ಟಿದ್ದು ಅವನ ಡಿಫರೆನ್ಷಿಯಲ್ ಎಂದು ಕಥೆ. ಮೂರು ಗಾಲಿಯ ಆ ಸೈಕಲ್ಲುಗಳು ಉದ್ದ ಲಂಗದ ಹೆಂಗಸರಿಗೂ ಒಗ್ಗಿದವು. ವಿಕ್ಟೋರಿಯಾ ರಾಣಿಯ ಸಾರೋಟನ್ನು ಅಂಥ ಸೈಕಲ್ಲಿನ ಮೇಲೆ ಒಬ್ಬ ಹುಡುಗಿ ಹಿಂದೆ ಹಾಕಿ ಹೋದದ್ದನ್ನು ಕಂಡು ರಾಣಿಯೇ 1881ರಲ್ಲಿ ಎರಡನ್ನು ತರಿಸಿಕೊಂಡಳು.

ಕಾರ್ಲ್ ಬೆಂಜ್‌ನ ಮೊದಲ ಮೋಟಾರು ಬಂಡಿಯಲ್ಲೂ ಡಿಫರೆನ್ಷಿಯಲ್ ಇತ್ತು. ಅವನ ಕಾರ್ಖಾನೆಗೆ ಮದುವೆಗೆ ಮೊದಲೇ ತನ್ನ ವರದಕ್ಷಿಣೆಯ ಹಣ ಹಾಕಿದವಳು ಬೆರ್ಥಾ. 1888ರ ಆಗಸ್ಟಿನಲ್ಲಿ ಗಂಡನಿಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು, ಅವನ ಬಂಡಿಯೊಂದರಲ್ಲಿ ಮಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ, ಅಂದರೆ ನೂರು ಕಿಲೋಮೀಟರಿಗೂ ದೂರದ ತವರಿಗೆ ಹೊರಟೇಬಿಟ್ಟಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಚುಚ್ಚಿ ಬಿಡಿಸಿದಳು. ಬ್ರೇಕು ಸವೆದಾಗ ಚಮ್ಮಾರನಿಂದ ತೊಗಲು ಹೊಡೆಸಿದಳು. ಏರು ಹತ್ತಲಾಗದಾಗ ಮಕ್ಕಳು ಇಳಿದು ನೂಕಿದರು. ಏರಿಗೆಂದು ಇನ್ನೊಂದು ಗೇರು ಬೇಕು ಎಂದು ಬೆಂಜ್‌ಗೆ ಹೇಳಿದವಳೂ ಅವಳೇ.

ಇನ್ನೊಬ್ಬಳು ಕೇಟ್ ಗ್ಲೀಸನ್. ಓರೆ ಹಲ್ಲಿನ ಗೇರುಗಳನ್ನು, ಅಂದರೆ ಡಿಫರೆನ್ಷಿಯಲ್ಲಿಗೆ ಬೇಕಾದಂಥವನ್ನು, ಕರಾರುವಾಕ್ಕಾಗಿ ಕೊರೆಯುವ ಯಂತ್ರವನ್ನು ಅಮೆರಿಕದ ರಾಚೆಸ್ಟರಿನಲ್ಲಿ 1874ರಲ್ಲಿ ಮಾಡಿದವನು ಅವಳ ತಂದೆ ವಿಲಿಯಂ. ಮಲಅಣ್ಣ ತೀರಿಕೊಂಡ ಮೇಲೆ ಬಾಲಕಿ ಕೇಟ್ ತಂದೆಯ ಕಾರ್ಖಾನೆಯ ಲೆಕ್ಕಪತ್ರಕ್ಕೆ ಕೂತಳು. 1884ರಲ್ಲಿ ಎಂಜಿನಿಯರಿಂಗ್ ಓದಲು ಕಾರ್ನೆಲ್ ಸೇರಿ, ಕಾರ್ಖಾನೆಗೆ ಕಷ್ಟ ಬಂದಾಗ ಓದು ಬಿಟ್ಟು ಮನೆಗೆ ಮರಳಿದಳು. 1893ರಲ್ಲಿ ಯುರೋಪಿಗೆ ಒಬ್ಬಳೇ ಹೋಗಿ ಯಂತ್ರಗಳಿಗೆ ಗಿರಾಕಿ ಹುಡುಕಿದಳು. ಗೇರಿನ ಯಂತ್ರವನ್ನು ಕಂಡುಹಿಡಿದವಳು ಅವಳೇ ಎಂದು ಜನ ಹೊಗಳಿದಾಗ, ಅದು ತಂದೆಯದು ಎಂದು ತಿದ್ದುತ್ತಿದ್ದಳು. ತನ್ನದಲ್ಲದ್ದನ್ನು ಬೇಡವೆಂದವಳಿಗೆ ತನ್ನದು ತಡವಾಗಿ ಬಂತು. ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘ 1914ರಲ್ಲಿ ಅವಳನ್ನು ಮೊದಲ ಮಹಿಳಾ ಪೂರ್ಣ ಸದಸ್ಯೆಯಾಗಿ ಸೇರಿಸಿಕೊಂಡಿತು.

ಅವಳ ಮನೆತನದ ಕಂಪನಿ ಮುಂದೆ ಹೈಪಾಯ್ಡ್ ಎಂಬ ಬಾಗು ಹಲ್ಲಿನ ಗೇರುಗಳನ್ನು ತಂದಿತು. 1926ರಲ್ಲಿ ಪ್ಯಾಕಾರ್ಡ್ ಕಾರಿಗೆ ಅವು ಬಂದವು. ಇದರಲ್ಲಿ ಪಿನಿಯನ್ ಕ್ರೌನಿನ ನಡುಮಟ್ಟಕ್ಕಿಂತ ಕೆಳಗೆ ಕೂರುತ್ತದೆ, ಎಂಜಿನ್ನಿನಿಂದ ಬರುವ ಸರಳೂ ತಗ್ಗುತ್ತದೆ, ಕಾರಿನ ನೆಲವೂ ತಗ್ಗುತ್ತದೆ. ಸೀರೆಯ ನೆರಿಗೆ ಎತ್ತಿಹಿಡಿದು ಹತ್ತುವವರಿಗೆ ಎರಡು ಬೆರಳು ತಗ್ಗಿದರೂ ಅದೊಂದು ಉಪಕಾರವೇ.

ನಮ್ಮ ಪೇಟೆಗಳ ಆಟೋರಿಕ್ಷಾವನ್ನು ಒಮ್ಮೆ ನೋಡಿ. ಮುಂದೆ ಒಂದು ಗಾಲಿ, ಹಿಂದೆ ಎರಡು. ಬೆರ್ಥಾ ತವರಿಗೆ ಹೋದ ಬಂಡಿಯದೂ ಇದೇ ಲೆಕ್ಕ. ಆಟೋದ ಹಿಂದಿನ ಎರಡು ಗಾಲಿಗಳ ನಡುವೆಯೂ ಪುಟ್ಟದೊಂದು ಡಿಫರೆನ್ಷಿಯಲ್ ಕೂತಿದೆ. ಮಾರ್ಕೆಟ್ಟಿನ ಮೂಲೆಯಲ್ಲಿ ಆಟೋ ಸರಕ್ಕನೆ ತಿರುಗಿದಾಗ, ಮಡಿಲಿನ ತರಕಾರಿ ಚೀಲ ಹಿಡಿದುಕೊಳ್ಳುವ ಅವಸರದಲ್ಲಿ ಅದು ನಮಗೆ ತಿಳಿಯುವುದೂ ಇಲ್ಲ. ಒಳಗಾಲಿಯನ್ನು ನಿಧಾನಿಸಿ, ಹೊರಗಾಲಿಗೆ ಅಷ್ಟೇ ಕೂಡಿಸಿ, ಅದು ತನ್ನ ಕೆಲಸ ಮುಗಿಸಿರುತ್ತದೆ.