ಶಿವನಸಮುದ್ರದ ಬೆಳಕು, ಗೋಡೆಯೊಳಗಿನ ಹಳೆಯ ತಂತಿ

ಸಂಜೆ ದೀಪ ಹಾಕಿದೊಡನೆ ಬಲ್ಬಿನ ಕಡೆ ನೋಡಿ ಕೈಮುಗಿಯುವ ಹಿರಿಯರು ಮಳವಳ್ಳಿ, ಮದ್ದೂರು ಸೀಮೆಯ ಮನೆಗಳಲ್ಲಿ ಇನ್ನೂ ಇದ್ದಾರೆ. ‘ದೀಪ ಆರಿಸು’ ಎನ್ನಬಾರದು, ‘ದೊಡ್ಡದು ಮಾಡು’ ಎನ್ನಬೇಕು ಎಂಬ ಎಣ್ಣೆದೀಪದ ಕಾಲದ ನಡವಳಿಕೆ ಕರೆಂಟಿನ ದೀಪಕ್ಕೂ ಅಂಟಿಕೊಂಡು ಬಂದಿದೆ. ಆದರೆ ಇಷ್ಟು ಗೌರವ ಪಡೆಯುವ ದೀಪಕ್ಕೆ ಕರೆಂಟು ತರುವ ತಂತಿಯನ್ನು ಕಡೆಯ ಸಲ ಪರೀಕ್ಷೆ ಮಾಡಿದ್ದು ಯಾವಾಗ ಎಂದು ಅದೇ ಮನೆಯಲ್ಲಿ ಕೇಳಿ ನೋಡಿ. ‘ವೈರಿಂಗ್ ಮಾಡಿಸಿದಾಗ’ ಎಂಬ ಉತ್ತರ ಬಂದರೆ ಅದೇ ಹೆಚ್ಚು.

ಮಳವಳ್ಳಿಯಿಂದ ಕೊಳ್ಳೇಗಾಲದ ದಾರಿಯಲ್ಲಿ ಸ್ವಲ್ಪ ದೂರ ಹೋದರೆ, 1902ರಿಂದ ಕರೆಂಟು ಹುಟ್ಟಿಸುತ್ತ ಬಂದಿರುವ ಶಿವನಸಮುದ್ರ ಸಿಗುತ್ತದೆ. ನೂರಿಪ್ಪತ್ತು ವರ್ಷ ದಾಟಿದ ಆ ಕೇಂದ್ರ ಬಾಳಿಕೆ ಬಂದದ್ದು ಅದೃಷ್ಟದಿಂದಲ್ಲ. ಅಲ್ಲಿಂದ ಹೊರಟ ತಂತಿಯ ಕೊನೆಯ ತುದಿಯಲ್ಲಿರುವ ನಮ್ಮ ಮನೆಗಳು ಮಾತ್ರ ಅದೃಷ್ಟವನ್ನೇ ನಂಬಿಕೊಂಡಿವೆ.

ಶಿವನಸಮುದ್ರದ ಕಥೆ ಹಲವು ಸಲ ಹೇಳಿದ್ದೇ. ಕೋಲಾರದ ಚಿನ್ನದ ಗಣಿಗಳ ಯಂತ್ರಗಳು ಹಬೆಯಿಂದ ನಡೆಯುತ್ತಿದ್ದ ಕಾಲ. ಉರುವಲಿನ ಖರ್ಚು ಏರುತ್ತಲೇ ಇತ್ತು. ಕಾವೇರಿಯ ಜಲಪಾತದಿಂದ ವಿದ್ಯುತ್ ತೆಗೆದು ಅಲ್ಲಿಗೆ ಸಾಗಿಸುವ ಯೋಜನೆಯನ್ನು ದಿವಾನ ಕೆ. ಶೇಷಾದ್ರಿ ಅಯ್ಯರ್ ಬೆನ್ನು ಹತ್ತಿದರು. ಕೆನಡಾ ಮೂಲದ ಸೇನಾ ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್ ನಕ್ಷೆ ಹಾಕಿದರು. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ, ಟರ್ಬೈನುಗಳು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಯಿಂದ ಬಂದವು. ಮದ್ದೂರು ರೈಲು ನಿಲ್ದಾಣದವರೆಗೆ ಬಂದ ಭಾರಿ ಸಾಮಾನನ್ನು ಎತ್ತಿನ ಗಾಡಿ, ಆನೆಗಳ ನೆರವಿನಿಂದ ಕಣಿವೆಯವರೆಗೆ ಸಾಗಿಸಬೇಕಾಯಿತು. 1902ರ ಜೂನ್ 30ರಂದು ವಿದ್ಯುತ್ತು 92 ಮೈಲಿ ದೂರದ ಗಣಿಗಳಿಗೆ ಹರಿಯಿತು. ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು.

ಇದು ‘ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ’ ಎಂದು ನಮ್ಮಲ್ಲಿ ಎದೆಯುಬ್ಬಿಸಿ ಹೇಳುವುದುಂಟು. ಹಾಗೇನಿಲ್ಲ. ಜಪಾನಿನ ಕ್ಯೋಟೋದಲ್ಲಿ 1891ರಲ್ಲೇ, ನಮ್ಮ ಡಾರ್ಜಿಲಿಂಗಿನಲ್ಲಿ 1897ರಲ್ಲೇ ನೀರಿನಿಂದ ವಿದ್ಯುತ್ ತೆಗೆದಿದ್ದರು. ಶಿವನಸಮುದ್ರದ ಹೆಚ್ಚುಗಾರಿಕೆ ಇದ್ದದ್ದು ದೂರದಲ್ಲಿ. ಮೂವತ್ತು ಸಾವಿರ ವೋಲ್ಟ್ ಆಸುಪಾಸಿನ ಒತ್ತಡದಲ್ಲಿ, ಕಾಡು ಬಯಲು ದಾಟಿ ಹೋದ ಆ ಮಾರ್ಗ ಆ ಕಾಲದ ಜಗತ್ತಿನ ಅತಿ ಉದ್ದದ ಮಾರ್ಗಗಳಲ್ಲೊಂದು. ಅಷ್ಟು ಉದ್ದದ ತಂತಿಯನ್ನು ಕಟ್ಟುವುದಕ್ಕಿಂತ ಕಾಯುವುದು ದೊಡ್ಡ ಕೆಲಸ. ಒಂದು ಪಿಂಗಾಣಿ ಬಿಲ್ಲೆ ಒಡೆದರೂ ಗಣಿ ಕತ್ತಲಾಗುತ್ತದೆ.

ಬೆಂಗಳೂರಿಗೆ ಈ ಬೆಳಕು ತಲುಪಿದ್ದು 1905ರ ಆಗಸ್ಟ್ 5ರಂದು; ಮೈಸೂರಿಗೆ 1908ರಲ್ಲಿ. ಅಲ್ಲಿಯವರೆಗೆ ಬೆಂಕಿಯೇ ಬೆಳಕಾಗಿತ್ತು, ಬೆಂಕಿಯೇ ಭಯವೂ ಆಗಿತ್ತು. ಮೈಸೂರಿನ ಮರದ ಅರಮನೆ 1897ರಲ್ಲಿ ರಾಜಕುಮಾರಿಯ ಮದುವೆಯ ಸಂಭ್ರಮದ ದಿನಗಳಲ್ಲೇ ಸುಟ್ಟುಹೋದದ್ದು ಜನರ ನೆನಪಿನಲ್ಲಿ ಹಸಿಯಾಗಿತ್ತು. ಹೊಗೆಯಿಲ್ಲದ, ಗಾಳಿಗೆ ಅಲ್ಲಾಡದ, ಸೆರಗಿಗೆ ತಾಗದ ದೀಪ ಬಂದಾಗ ಅದು ಎಣ್ಣೆದೀಪಕ್ಕಿಂತ ಕ್ಷೇಮ ಎಂದು ಜನ ನಂಬಿದ್ದರಲ್ಲಿ ತಪ್ಪೇನೂ ಇಲ್ಲ. ನಿಜಕ್ಕೂ ಕ್ಷೇಮವೇ. ಒಂದೇ ವ್ಯತ್ಯಾಸ: ಎಣ್ಣೆದೀಪದ ಅಪಾಯ ಕಣ್ಣಿಗೆ ಕಾಣುತ್ತಿತ್ತು. ಇದರದು ಗೋಡೆಯೊಳಗೆ ಕೂತಿರುತ್ತದೆ.

ಆ ಮೊದಲ ತಲೆಮಾರಿನ ವೈರಿಂಗನ್ನು ಹಳೆಯ ಮನೆಗಳಲ್ಲಿ ಕಂಡವರಿದ್ದಾರೆ. ತೇಗದ ಪಟ್ಟಿಯಲ್ಲಿ ಎರಡು ಗಾಡಿ ಕೊರೆದು, ತಂತಿ ಕೂರಿಸಿ, ಮೇಲೆ ಮರದ ಮುಚ್ಚಳ ಬಡಿದ ‘ಕೇಸಿಂಗ್’. ತಾಮ್ರದ ತಂತಿಗೆ ರಬ್ಬರಿನ ಹೊದಿಕೆ, ಅದರ ಮೇಲೆ ಹತ್ತಿಯ ನೂಲಿನ ಹೆಣಿಗೆ. ಕರಿಯ ದುಂಡು ಸ್ವಿಚ್ಚು, ಪಿಂಗಾಣಿಯ ಫ್ಯೂಸು. ಕೆಲಸ ನೋಡಲು ಚೆಂದ; ಆ ಬಡಗಿಯ ಕೈಗೆ ನಮಸ್ಕಾರ ಹೇಳಬೇಕು. ಆದರೆ ರಬ್ಬರಿಗೆ ಆಯುಸ್ಸಿದೆ. ಮೂವತ್ತು ನಲವತ್ತು ವರ್ಷದಲ್ಲಿ ಅದು ಒಣಗಿ, ಬೆರಳಿಗೆ ಸಿಕ್ಕರೆ ಪುಡಿಯಾಗುತ್ತದೆ. ಹೆಂಚಿನ ಸಂದಿಯಿಂದ ಜಿನುಗಿದ ಮಳೆ ನೀರು, ಅಟ್ಟದ ಇಲಿ, ಗೆದ್ದಲು ಉಳಿದದ್ದನ್ನು ಮುಗಿಸುತ್ತವೆ. ಮುಂದೆ ರಬ್ಬರಿನ ಜಾಗಕ್ಕೆ ಪ್ಲಾಸ್ಟಿಕ್ ಹೊದಿಕೆ ಬಂತು. ಬಿಸಿಯಾದರೆ ಅದೂ ಗಡಸಾಗಿ ಬಿರಿಯುತ್ತದೆ.

ಬಿಸಿಯಾಗಲು ಕಾರಣ ನಾವೇ. ನಾಲ್ಕು ದೀಪ, ಒಂದು ಫ್ಯಾನು, ಒಂದು ರೇಡಿಯೋ ಎಂದು ಲೆಕ್ಕ ಹಾಕಿ ಎಳೆದ ತಂತಿಗೆ ಮಿಕ್ಸಿ, ಫ್ರಿಜ್ಜು, ಇಸ್ತ್ರಿಪೆಟ್ಟಿಗೆ, ಗೀಸರ್ ಎಲ್ಲವನ್ನೂ ನೇತುಹಾಕಿದ್ದೇವೆ. ಎರಡು ಸಾವಿರ ವಾಟಿನ ಒಂದು ಗೀಸರ್ ಅರವತ್ತು ವಾಟಿನ ಮೂವತ್ತಮೂರು ಬಲ್ಬುಗಳಿಗೆ ಸಮ. ಹೊರೆ ಹೆಚ್ಚಾದಾಗ ಕರಗಿ ಮನೆ ಉಳಿಸಬೇಕಾದ ಫ್ಯೂಸು ಪದೇ ಪದೇ ಹೋಗುತ್ತದೆಂದು, ಅದಕ್ಕೆ ದಪ್ಪ ತಾಮ್ರದ ಎಳೆ ಸುತ್ತಿ ‘ರಿಪೇರಿ’ ಮಾಡುವ ವಿದ್ಯೆ ನಮ್ಮಲ್ಲಿ ಮನೆಮನೆಗೂ ಗೊತ್ತು. ಆಮೇಲೆ ಕರಗುವುದು ಫ್ಯೂಸಲ್ಲ, ಗೋಡೆಯೊಳಗಿನ ತಂತಿ.

ಇನ್ನೊಂದು ವಿಷಯ ಬಹಳ ಜನರಿಗೆ ತಿಳಿದಂತಿಲ್ಲ. ಫ್ಯೂಸು ಇರುವುದು ತಂತಿಯನ್ನು ಉಳಿಸಲು, ಮನುಷ್ಯನನ್ನಲ್ಲ. ಅರವತ್ತು ವಾಟಿನ ಬಲ್ಬಿನಲ್ಲಿ ಹರಿಯುವ ಕರೆಂಟು ಸುಮಾರು 260 ಮಿಲಿ ಆಂಪಿಯರ್. ಅದರ ಕಾಲು ಭಾಗಕ್ಕಿಂತ ಕಡಿಮೆ ಕರೆಂಟು ಎದೆಯ ಮೂಲಕ ಹರಿದರೂ ಹೃದಯದ ಲಯ ತಪ್ಪಿ ಪ್ರಾಣ ಹೋಗಬಹುದು. ಐದು ಆಂಪಿಯರಿನ ಫ್ಯೂಸಿಗೆ ಇದು ಗೊತ್ತೇ ಆಗುವುದಿಲ್ಲ. ಮನುಷ್ಯನನ್ನು ಉಳಿಸುವುದು ಎರಡು: ಸರಿಯಾದ ಅರ್ಥಿಂಗ್, ಮತ್ತು ಸೋರಿಕೆ ಕಂಡೊಡನೆ ಕಣ್ಣು ಮಿಟುಕಿಸುವುದರೊಳಗೆ ಕರೆಂಟು ಕಡಿಯುವ ಸಾಧನ. ಎಲೆಕ್ಟ್ರೀಷಿಯನ್ನರು ಇದನ್ನು ಇಎಲ್‌ಸಿಬಿ ಎಂದೋ ಆರ್‌ಸಿಸಿಬಿ ಎಂದೋ ಕರೆಯುತ್ತಾರೆ. ಮನೆಗೆ ಬೇಕಾದದ್ದು 30 ಮಿಲಿ ಆಂಪಿಯರಿನದು.

ಮಂಡ್ಯದಲ್ಲಿ ನಾನು ಬಾಡಿಗೆಗಿದ್ದ ಕೋಣೆಯಲ್ಲಿ ಬಚ್ಚಲ ನಲ್ಲಿ ಮುಟ್ಟಿದರೆ ಜುಮ್ ಎನ್ನುತ್ತಿತ್ತು. ಮನೆ ಯಜಮಾನರಿಗೆ ಹೇಳಿದೆ. ‘ಏನೂ ಆಗಕಿಲ್ಲ ಬುಡಪ್ಪ, ನಲವತ್ತು ವರ್ಸದಿಂದ ಹಿಂಗೇ ಅದೆ. ಚಪ್ಪಲಿ ಹಾಕ್ಕೊಂಡು ಸ್ನಾನ ಮಾಡು’ ಎಂದರು. ಒಳ್ಳೆಯ ಮನುಷ್ಯ, ಹಬ್ಬಕ್ಕೆ ಹೋಳಿಗೆ ಕಳಿಸುತ್ತಿದ್ದವರು. ಕೊನೆಗೆ ಎಲೆಕ್ಟ್ರೀಷಿಯನ್ ಬಂದು ಬೋರ್ಡು ಬಿಚ್ಚಿದಾಗ ಸಾಕೆಟ್ಟಿನ ಮೂರನೆಯ ತೂತಿಗೆ ತಂತಿಯೇ ಇರಲಿಲ್ಲ. ಮೂರು ಪಿನ್ನಿನ ಸಾಕೆಟ್ಟು ಬೇಕೆಂದು ಮೂರು ಪಿನ್ನಿನದನ್ನು ಕೂರಿಸಿದ್ದರು, ಅಷ್ಟೆ. ‘ನಲವತ್ತು ವರ್ಷದಿಂದ ಏನೂ ಆಗಿಲ್ಲ’ ಎಂಬುದು ಸುರಕ್ಷತೆಯ ಸಾಕ್ಷಿಯಲ್ಲ, ತಂತಿಯ ವಯಸ್ಸಿನ ಸಾಕ್ಷಿ ಎಂದು ನನಗೆ ಅಂದು ಹೊಳೆಯಿತು.

ಕಾನೂನು ಈ ಬಗ್ಗೆ ಕಣ್ಣು ಮುಚ್ಚಿತ್ತೆಂದಲ್ಲ. ಬ್ರಿಟಿಷ್ ಇಂಡಿಯಾದ ಮೊದಲ ವಿದ್ಯುತ್ ಕಾಯಿದೆ 1887ರದು. ಆಗ ದೇಶದಲ್ಲಿ ವಿದ್ಯುದ್ದೀಪಗಳೇ ಅಪರೂಪ. ಆದರೂ ಆ ಕಾಯಿದೆಯ ಉದ್ದೇಶವೇ ವಿದ್ಯುತ್ತಿನಿಂದ ಜೀವಕ್ಕೂ ಸ್ವತ್ತಿಗೂ ಹಾನಿಯಾಗದಂತೆ ನೋಡಿಕೊಳ್ಳುವುದಾಗಿತ್ತು. ವಿದ್ಯುತ್ ಮಾರುವ ನಿಯಮಗಳಿಗಿಂತ ಮೊದಲೇ ರಕ್ಷಣೆಯ ಮಾತು ಬಂದದ್ದು ಗಮನಾರ್ಹ. 1903ರಲ್ಲಿ ಇನ್ನೊಂದು ಕಾಯಿದೆ, 1910ರಲ್ಲಿ ಮತ್ತೊಂದು. ಈ 1910ರ ಕಾಯಿದೆ 2003ರವರೆಗೂ ಬಾಳಿತು. ವಿದ್ಯುತ್ ಪರಿವೀಕ್ಷಕರನ್ನು ನೇಮಿಸುವ ಅಧಿಕಾರವನ್ನು ಸರ್ಕಾರಗಳಿಗೆ ಕೊಟ್ಟದ್ದು ಅದೇ. ಕರ್ನಾಟಕದಲ್ಲಿ ಇಂದು ವಿದ್ಯುತ್ ಪರಿವೀಕ್ಷಣಾ ಇಲಾಖೆ ಎಂದು ಪ್ರತ್ಯೇಕ ಇಲಾಖೆಯೇ ಇದೆ. ಕಂಬದಿಂದ ತಂತಿ ಬಿದ್ದು ಸಾವಾದಾಗ ಪತ್ರಿಕೆಯಲ್ಲಿ ಹೆಸರು ಬರುವುದು ಬಿಟ್ಟರೆ, ಮನೆಯವರಿಗೆ ಅದರ ಪರಿಚಯ ಕಡಿಮೆ.

ಮನೆಗಳಿಗೆ ನೇರವಾಗಿ ಸಂಬಂಧಿಸಿದ್ದು 1956ರ ಭಾರತೀಯ ವಿದ್ಯುತ್ ನಿಯಮಗಳು. ಅದರ 46ನೆಯ ನಿಯಮದ ಪ್ರಕಾರ, ಸಂಪರ್ಕ ಪಡೆದ ಪ್ರತಿ ಗ್ರಾಹಕನ ವೈರಿಂಗನ್ನು ಐದು ವರ್ಷ ಮೀರದಂತೆ ಒಮ್ಮೆ ತಪಾಸಣೆ ಮಾಡಿ ಪರೀಕ್ಷಿಸಬೇಕು. ಪರಿವೀಕ್ಷಕರು ಮಾಡಬೇಕು, ಇಲ್ಲವೇ ಸರ್ಕಾರ ಹೇಳಿದರೆ ವಿದ್ಯುತ್ ಪೂರೈಸುವವರು ಮಾಡಬೇಕು. ಅಂದರೆ 1957ರಲ್ಲಿ ವಿದ್ಯುತ್ ಮಂಡಳಿ ಹುಟ್ಟಿದಾಗ ಈ ನಿಯಮ ಆಗಲೇ ಪುಸ್ತಕದಲ್ಲಿತ್ತು. ಅಕ್ಷರಶಃ ಪಾಲಿಸಿದ್ದರೆ, 1960ರಲ್ಲಿ ಕರೆಂಟು ಬಂದ ಮಳವಳ್ಳಿಯ ಒಂದು ಹೆಂಚಿನ ಮನೆ 2010ರ ಹೊತ್ತಿಗೆ ಹತ್ತು ಸಲ ಪರೀಕ್ಷೆಗೆ ಒಳಗಾಗಿರಬೇಕಿತ್ತು. ಮೀಟರ್ ಓದುವವರು ತಿಂಗಳು ತಪ್ಪದೆ ಬಂದರು. ತಂತಿ ಪರೀಕ್ಷಿಸುವವರನ್ನು ಕಂಡ ಮನೆಯವರು ನನಗಂತೂ ಸಿಕ್ಕಿಲ್ಲ. ಹಳ್ಳಿ ಹಳ್ಳಿಗೂ ಕರೆಂಟು ಒಯ್ಯುವುದೇ ಮಂಡಳಿಯ ದೊಡ್ಡ ಗುರಿಯಾಗಿದ್ದ ಕಾಲದಲ್ಲಿ, ಕೊಟ್ಟ ಸಂಪರ್ಕವನ್ನು ಮತ್ತೆ ಹೋಗಿ ನೋಡುವಷ್ಟು ಜನ ಎಲ್ಲಿಂದ ಬರಬೇಕು?

2003ರ ವಿದ್ಯುಚ್ಛಕ್ತಿ ಕಾಯಿದೆಯ ನಂತರ, 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳು ಬಂದವು. ಎರಡು ಕಿಲೋವಾಟ್ ಮತ್ತು ಮೇಲ್ಪಟ್ಟ ಸಂಪರ್ಕಗಳಿಗೆ ಸೋರಿಕೆ ತಡೆಯುವ ಸಾಧನ ಕಡ್ಡಾಯ ಎಂದಿತು ಆ ನಿಯಮ. 1956ರ ನಿಯಮಗಳಲ್ಲಿ ಈ ಮಿತಿ ಐದು ಕಿಲೋವಾಟ್ ಇತ್ತು. ಐದು ವರ್ಷದ ತಪಾಸಣೆಯ ಮಾತೂ ಉಳಿಯಿತು. ಆದರೆ ಕಡಿಮೆ ವೋಲ್ಟೇಜಿನ ಸಣ್ಣ ಸಂಪರ್ಕಗಳ ಮಟ್ಟಿಗೆ ಮಾಲೀಕರೇ ಸ್ವತಃ ದೃಢೀಕರಿಸುವ ವ್ಯವಸ್ಥೆಗೆ ದಾರಿಯಾಯಿತು. 2023ರಲ್ಲಿ ಈ ನಿಯಮಗಳನ್ನೂ ಹೊಸದಾಗಿ ಬರೆಯಲಾಯಿತು. ಒಟ್ಟು ಸಾರ ಇಷ್ಟು: ಮೀಟರ್‌ವರೆಗಿನ ತಂತಿ ಸರಬರಾಜು ಕಂಪನಿಯದು, ಮಂಡ್ಯ ಜಿಲ್ಲೆಯ ಮಟ್ಟಿಗೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ್ದು. ಮೀಟರಿನಿಂದ ಒಳಗಿನದು ಮನೆಯವರದು.

ಮನೆಯವರು ಎಂದರೆ ಯಾರು? ಸ್ವಂತ ಮನೆಯಾದರೆ ಪ್ರಶ್ನೆಯಿಲ್ಲ. ಬಾಡಿಗೆ ಮನೆಯಲ್ಲಿ ಮಾಲೀಕರಿಗೆ ಶಾಕ್ ಹೊಡೆಯುವುದಿಲ್ಲ, ಬಾಡಿಗೆದಾರನಿಗೆ ಗೋಡೆ ಒಡೆಯುವ ಹಕ್ಕಿಲ್ಲ. ಕೇಂದ್ರ ಸರ್ಕಾರ 2021ರಲ್ಲಿ ಹೊರತಂದ ಮಾದರಿ ಬಾಡಿಗೆ ಕಾಯಿದೆ ಇದನ್ನು ಒಂದು ಪಟ್ಟಿಯಲ್ಲಿ ಬಿಡಿಸಿ ಹೇಳಿದೆ: ಒಳಗಿನ, ಹೊರಗಿನ ವೈರಿಂಗ್ ಮಾಲೀಕರ ಹೊಣೆ, ಸ್ವಿಚ್ಚು, ಸಾಕೆಟ್ಟುಗಳ ರಿಪೇರಿ ಬಾಡಿಗೆದಾರನದು. ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮ ಕಾನೂನಿಗೆ ಅಳವಡಿಸಿಕೊಂಡರೆ ಉಂಟು. ನನ್ನ ಬಚ್ಚಲಿನ ಸಾಕೆಟ್ಟು ಆ ಪಟ್ಟಿಯ ಪ್ರಕಾರ ಯಾರ ಪಾಲಿಗೆ ಬರುತ್ತಿತ್ತು ಎಂಬುದು ಸ್ವಾರಸ್ಯದ ಪ್ರಶ್ನೆ. ಸಾಕೆಟ್ಟು ನನ್ನದು, ಅದಕ್ಕೆ ಬಾರದೆ ಹೋದ ತಂತಿ ಅವರದು!

ನೋಡದೆ ಬಿಟ್ಟರೆ ಏನಾಗುತ್ತದೆಂಬುದನ್ನು ಬೆಂಗಳೂರು 2010ರ ಫೆಬ್ರುವರಿ 23ರಂದು ಕಂಡಿತು. ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಕಟ್ಟಡದಲ್ಲಿ ವಿದ್ಯುತ್ ಕೇಬಲುಗಳ ಮಾರ್ಗದಲ್ಲಿ ಹುಟ್ಟಿದ ಬೆಂಕಿಯ ಹೊಗೆ ಮಹಡಿಗಳನ್ನು ತುಂಬಿ ಒಂಬತ್ತು ಮಂದಿ ಸತ್ತರು. ಅದು ಕಚೇರಿಗಳ ದೊಡ್ಡ ಕಟ್ಟಡವಾದ್ದರಿಂದ ದೇಶವೇ ನೋಡಿತು. ಮನೆಯಲ್ಲಿ, ಪಂಪ್‌ಸೆಟ್ಟಿನ ಬಳಿ, ಬಟ್ಟೆ ಒಣಹಾಕುವ ತಂತಿಯಲ್ಲಿ ಆಗುವ ಸಾವು ಒಂದೊಂದಾಗಿ ಆಗುತ್ತದೆ, ಒಳಪುಟದಲ್ಲಿ ನಾಲ್ಕು ಸಾಲಾಗುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಈಚಿನ ವರ್ಷಗಳ ವರದಿಗಳಲ್ಲಿ ವಿದ್ಯುದಾಘಾತದಿಂದ ಸತ್ತವರ ಸಂಖ್ಯೆ ದೇಶದಲ್ಲಿ ವರ್ಷಕ್ಕೆ ಹತ್ತು ಸಾವಿರ ಮೀರಿದೆ.

ಪರೀಕ್ಷೆ ಎಂದರೆ ಭಾರಿ ಏನಲ್ಲ. ಇಂಗ್ಲೆಂಡಿನ ಎವರ್‌ಶೆಡ್ ಎಂಬಾತನ ಕಂಪನಿ 1903ರಲ್ಲಿ, ಶಿವನಸಮುದ್ರ ಶುರುವಾದ ಮರುವರ್ಷ, ‘ಮೆಗ್ಗರ್’ ಎಂಬ ಹೆಸರನ್ನು ನೋಂದಾಯಿಸಿತು. ಕೈಯಿಂದ ತಿರುಗಿಸುವ ಹಿಡಿಯಿದ್ದ ಪೆಟ್ಟಿಗೆ ಅದು. ಮೈನ್ ಸ್ವಿಚ್ ಆರಿಸಿ ತಂತಿಗೂ ನೆಲಕ್ಕೂ ನಡುವೆ 500 ವೋಲ್ಟ್ ಒತ್ತಡ ಕೊಟ್ಟರೆ ಹೊದಿಕೆ ಎಷ್ಟು ಗಟ್ಟಿಯಿದೆ ಎಂದು ಮುಳ್ಳು ಹೇಳುತ್ತದೆ. ಒಂದು ಮೆಗಾ ಓಮ್‌ಗಿಂತ ಕೆಳಗಿಳಿದರೆ ಆ ತಂತಿಯನ್ನು ನಂಬುವಂತಿಲ್ಲ. ಈಗ ಹಿಡಿಯ ಬದಲು ಬ್ಯಾಟರಿ ಬಂದಿದೆ, ಕೆಲಸ ಅದೇ. ಅರ್ಥಿಂಗ್ ಗುಂಡಿಯ ಪರೀಕ್ಷೆ, ಬೋರ್ಡು ಬಿಚ್ಚಿ ನೋಡುವುದು, ಸೋರಿಕೆ ಸಾಧನದ ಗುಂಡಿ ಒತ್ತಿ ನೋಡುವುದು ಎಲ್ಲ ಸೇರಿ ಸಾಧಾರಣ ಮನೆಗೆ ಅರ್ಧ ದಿನ. ಇದ್ದಿಲು, ಉಪ್ಪು ಹಾಕಿ ಮುಚ್ಚಿದ ಹಳೆಯ ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿದರೆ ಕೆಲಸ ಮಾಡುವುದಿಲ್ಲ. ಅದಕ್ಕೆ ನೀರು ಹಾಕಬೇಕೆಂಬುದನ್ನು ಕಬ್ಬಿನ ಗದ್ದೆಗೆ ನೀರು ಕಟ್ಟುವ ಮಂಡ್ಯದವರಿಗೆ ಹೇಳಿಕೊಡಬೇಕಿಲ್ಲ. ಪರೀಕ್ಷೆ ಮಾಡುವವರು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಾಗಿರಬೇಕು ಎಂಬುದಷ್ಟೇ ಮುಖ್ಯ.

ಶಿವನಸಮುದ್ರದಲ್ಲಿ, ಊರವರ ಬಾಯಲ್ಲಿ ‘ಬ್ಲಫ್’ ಆಗಿರುವ ಆ ಜಾಗದಲ್ಲಿ, ಸುಮಾರು ನಾನೂರು ಅಡಿ ಕೆಳಗಿನ ಯಂತ್ರಾಗಾರಕ್ಕೆ ಕೊಳವೆಗಳಲ್ಲಿ ನೀರು ಇಂದೂ ಧುಮುಕುತ್ತದೆ. ಆರು ಯಂತ್ರ, ತಲಾ 720 ಕಿಲೋವಾಟ್ ಎಂದು ಶುರುವಾದ ಕೇಂದ್ರ ಹಂತ ಹಂತವಾಗಿ ಯಂತ್ರ ಬದಲಿಸಿಕೊಂಡು 42 ಮೆಗಾವಾಟಿಗೆ ಬೆಳೆಯಿತು. ಬೇಸಿಗೆಯಲ್ಲೂ ಅದಕ್ಕೆ ನೀರು ತಪ್ಪಬಾರದೆಂಬುದು ಕೃಷ್ಣರಾಜಸಾಗರ ಕಟ್ಟಲು ಇದ್ದ ಕಾರಣಗಳಲ್ಲೊಂದು. ಟ್ರಾನ್ಸ್‌ಫಾರ್ಮರಿನ ಎಣ್ಣೆ ತೆಗೆದು ಪರೀಕ್ಷಿಸುವುದು, ಸುರುಳಿಗಳ ಹೊದಿಕೆ ಅಳೆಯುವುದು ವಿದ್ಯುತ್ ಕೇಂದ್ರಗಳಲ್ಲಿ ದಿನಚರಿ. ಯಂತ್ರ ಚೆನ್ನಾಗಿ ಓಡುತ್ತಿದೆಯಲ್ಲ ಎಂದು ಅಲ್ಲಿ ಯಾರೂ ಬಿಡುವುದಿಲ್ಲ.

ಇಂಗ್ಲೆಂಡಿನಲ್ಲಿ 2020ರಲ್ಲಿ ಬಂದ ನಿಯಮದಂತೆ ಖಾಸಗಿ ಬಾಡಿಗೆ ಮನೆಗಳ ವೈರಿಂಗನ್ನು ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ, ವರದಿಯ ಪ್ರತಿಯನ್ನು 28 ದಿನದೊಳಗೆ ಬಾಡಿಗೆದಾರನ ಕೈಗೆ ಕೊಡಬೇಕು. ಹೊಸಬನಾದರೆ ಮನೆ ಸೇರುವ ಮೊದಲೇ. ಫ್ರಾನ್ಸಿನಲ್ಲಿ ಹದಿನೈದು ವರ್ಷ ಮೀರಿದ ವೈರಿಂಗ್ ಇರುವ ಮನೆ ಮಾರುವಾಗ ವರದಿ ಇರಲೇಬೇಕು. ಐದು ವರ್ಷದ ಲೆಕ್ಕ ನಮ್ಮಲ್ಲಿ 1956ರಲ್ಲೇ ಇತ್ತು ಎಂದು ಅವರಿಗೆ ಹೇಳಿದರೆ ನಂಬುತ್ತಾರೋ ಇಲ್ಲವೋ.

ನಮ್ಮ ಬಾಡಿಗೆ ಕರಾರುಪತ್ರಗಳ ಕೊನೆಯಲ್ಲಿ ಒಂದು ಪಟ್ಟಿ ಇರುತ್ತದೆ: ಫ್ಯಾನು ಮೂರು, ಟ್ಯೂಬ್‌ಲೈಟು ನಾಲ್ಕು, ಗೀಸರ್ ಒಂದು, ಕಾಲಿಂಗ್ ಬೆಲ್ ಒಂದು. ಬಿಡುವಾಗ ಎಲ್ಲವನ್ನೂ ಹಾಗೆಯೇ ಒಪ್ಪಿಸಬೇಕು. ನಾನು ಸಹಿ ಹಾಕಿದ ಪತ್ರದಲ್ಲಿ ಬಚ್ಚಲಿನ ಕನ್ನಡಿಯೂ ಇತ್ತು. ಅವುಗಳನ್ನೆಲ್ಲ ಜೋಡಿಸುವ ತಂತಿಯ ಬಗ್ಗೆ ಒಂದು ಸಾಲೂ ಇರಲಿಲ್ಲ.