ಬೆನ್ನಿನ ಸೂಜಿಯಲ್ಲಿ ಒಂದಿಷ್ಟು ಮಾರ್ಫಿನ್

ಚನ್ನಪಟ್ಟಣವಾಗಲಿ, ಮಾಗಡಿಯಾಗಲಿ, ಹಬ್ಬಕ್ಕೆ ಗಸಗಸೆ ಪಾಯಸ ಮಾಡಿದ ಮಧ್ಯಾಹ್ನ ಮನೆಮಂದಿಗೆಲ್ಲ ಕಣ್ಣು ಎಳೆಯುತ್ತದೆ. ಆದರೆ ಗಸಗಸೆ ಕಾಳಿನಲ್ಲಿ ಮತ್ತಿನ ಅಂಶ ಅತ್ಯಲ್ಪ. ಅದಿರುವುದು ಆ ಗಿಡದ ಹಸಿ ಕಾಯನ್ನು ಗೀರಿದಾಗ ಒಸರುವ ಹಾಲಿನಲ್ಲಿ. ಹಾಲು ಗಟ್ಟಿಯಾದರೆ ಅಫೀಮು. ಅಫೀಮಿನ ಸಾರವೇ ಮಾರ್ಫಿನ್. ಪಾಯಸದ ನಿದ್ದೆಯನ್ನು ಬೆಲ್ಲಕ್ಕೂ ತುಂಬಿದ ಹೊಟ್ಟೆಗೂ ಬಿಡೋಣ. ಈ ಮಾರ್ಫಿನ್ ಬೆನ್ನಿನ ಸೂಜಿಯೊಳಗೆ ಸೇರಿದ್ದು ಹೇಗೆ ಎಂಬುದನ್ನು ನೋಡೋಣ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಸಿಸೇರಿಯನ್ ಹೆರಿಗೆ ಆಗಿದ್ದರೆ ಬೆನ್ನಿಗೆ ಸೂಜಿ ಕೊಡುವುದನ್ನು ನೀವು ಬಲ್ಲಿರಿ. ಬುಪಿವಕೇನ್‌ನಂತಹ ಮರಗಟ್ಟಿಸುವ ಔಷಧ ಸೊಂಟದ ಕೆಳಗಿನ ನರಗಳ ಸಂದೇಶವನ್ನೇ ತಡೆಯುತ್ತದೆ. ನೋವು ಹೋಗುತ್ತದೆ, ಕಾಲೂ ಆಡುವುದಿಲ್ಲ. ಕೆಲವು ಗಂಟೆಗಳಲ್ಲಿ ಅದು ಇಳಿಯುತ್ತದೆ. ಬಾಣಂತಿ ಎದ್ದು ಕೂತು ಮಗುವಿಗೆ ಹಾಲೂಡಿಸಬೇಕಾದ ಹೊತ್ತಿಗೇ ಹೊಲಿಗೆಯ ನೋವು ಶುರು.

ಬೆನ್ನಿನ ಅರಿವಳಿಕೆಯನ್ನು ಮೊದಲು ನಡೆಸಿ ತೋರಿಸಿದವರು ಜರ್ಮನಿಯ ಕೀಲ್ ನಗರದ ಆಗಸ್ಟ್ ಬಿಯರ್, 1898ರಲ್ಲಿ, ಕೊಕೇನ್ ಬಳಸಿ. ಎರಡು ವರ್ಷದ ನಂತರ ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಆಗ ಕ್ಲೋಸ್‌ಪೇಟೆ ಎನಿಸಿದ್ದ ರಾಮನಗರದವರಿಗೂ ಚನ್ನಪಟ್ಟಣದವರಿಗೂ ಅಲ್ಲಿಗೆ ಹೋಗಲು ರೈಲಿತ್ತು. ಕನಕಪುರ, ಮಾಗಡಿಯವರಿಗೆ ರಸ್ತೆಯೇ ಗತಿ. 1901ರಲ್ಲಿ ರುಮೇನಿಯಾದ ರಾಕೊವಿಚೆಯಾನು ಪಿಟೆಷ್ಟಿ ಕೊಕೇನಿನ ಜೊತೆಗೆ ಅಫೀಮಿನ ವರ್ಗದ ಔಷಧ ಬೆರೆಸಿದ ಅನುಭವವನ್ನು ಪ್ಯಾರಿಸ್‌ನಲ್ಲಿ ವರದಿ ಮಾಡಿದರು. ಅದೇ ವರ್ಷ ಜಪಾನಿನ ಕಿಟಗಾವ ಬೆನ್ನುನೋವಿನ ರೋಗಿಗಳಿಗೆ ಯೂಕೇನ್ ಜೊತೆ 10 ಮಿಲಿಗ್ರಾಂ ಮಾರ್ಫಿನ್ ಕೊಟ್ಟರು. ನೋವು ಇಳಿಯಿತು. ಆದರೆ ಏಕೆ ಇಳಿಯಿತೆಂದು ಹೇಳುವವರಿರಲಿಲ್ಲ. ಉಪಾಯ ಮುಕ್ಕಾಲು ಶತಮಾನ ಮೂಲೆಗೆ ಬಿತ್ತು.

ಉತ್ತರ ಸಿಕ್ಕಿದ್ದು 1973ರಲ್ಲಿ. ನರಕೋಶಗಳಲ್ಲಿ ಮಾರ್ಫಿನ್ ಬಂದು ಕೂರಲೆಂದೇ ಇರುವಂತಹ ಗ್ರಾಹಕಗಳನ್ನು ವಿಜ್ಞಾನಿಗಳು ಪತ್ತೆಹಚ್ಚಿದರು. 1976ರಲ್ಲಿ ಯಾಕ್ಷ್ ಮತ್ತು ರೂಡಿ, ಬೆನ್ನುಹುರಿಗೆ ನೇರವಾಗಿ ಕೊಟ್ಟರೆ ಇಲಿಗಳ ನೋವು ತಗ್ಗುವುದನ್ನು ತೋರಿಸಿದರು. 1979ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವಾಂಗ್ ಮತ್ತು ಸಂಗಡಿಗರು ಎಂಟು ಕ್ಯಾನ್ಸರ್ ರೋಗಿಗಳಿಗೆ ಅರ್ಧದಿಂದ ಒಂದು ಮಿಲಿಗ್ರಾಂ ಕೊಟ್ಟರು. ಆರು ಮಂದಿಗೆ ಅರ್ಧ ದಿನದಿಂದ ಒಂದು ದಿನದವರೆಗೆ ನೋವೇ ಇರಲಿಲ್ಲ. ಕಾಲುಗಳ ಶಕ್ತಿಯೂ ಕುಂದಲಿಲ್ಲ. ಈ ಔಷಧ ನೋವಿನ ಸುದ್ದಿಯನ್ನಷ್ಟೇ ತಡೆಯುತ್ತದೆ, ಚಲನೆಯ ನರಗಳ ತಂಟೆಗೆ ಹೋಗುವುದಿಲ್ಲ.

ಇಲ್ಲೊಂದು ಅಪಾಯವಿದೆ. ಮಾರ್ಫಿನ್ ನೀರಿನಲ್ಲಿ ಸುಲಭವಾಗಿ ಬೆರೆಯುವಂಥದು. ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ ಮೆಲ್ಲನೆ ಮೇಲೇರಿ, ಹಲವು ಗಂಟೆಗಳ ನಂತರ ಮಿದುಳಿನ ಉಸಿರಾಟದ ಕೇಂದ್ರವನ್ನು ಮುಟ್ಟಬಹುದು. ಹಗಲು ಶಸ್ತ್ರಕ್ರಿಯೆ ಮುಗಿಸಿ ನಿರಾಳವಾದ ರೋಗಿಯ ಉಸಿರು ನಡುರಾತ್ರಿ ನಿಧಾನವಾಗಬಹುದು. ಪ್ರಮಾಣ ಹೆಚ್ಚಿದಷ್ಟೂ ಭಯ ಹೆಚ್ಚು. ಹೀಗಾಗಿ ಇಂದು ಸಿಸೇರಿಯನ್‌ಗೆ ಸಾಮಾನ್ಯವಾಗಿ ಕೊಡುವುದು ಒಂದು ಮಿಲಿಗ್ರಾಂನ ಹತ್ತನೇ ಒಂದು ಭಾಗದ ಆಸುಪಾಸು, ಅಂದರೆ ಕಿಟಗಾವ ಕೊಟ್ಟದ್ದರ ನೂರನೇ ಒಂದು ಪಾಲು! 1960ರ ಹೊತ್ತಿಗೆ ಬೆಲ್ಜಿಯಂನ ಪಾಲ್ ಯಾನ್ಸೆನ್ ತಯಾರಿಸಿದ ಫೆಂಟನಿಲ್ ಬೇರೆ ಸ್ವಭಾವದ್ದು. ಬೇಗ ಕೆಲಸ ಮಾಡಿ, ಗರ್ಭಕೋಶ ಹಿಡಿದೆಳೆಯುವಾಗಿನ ಸಂಕಟ ತಗ್ಗಿಸಿ, ಕೆಲವೇ ಗಂಟೆಗಳಲ್ಲಿ ಮುಗಿಯುತ್ತದೆ. ರಾತ್ರಿಯ ನೋವಿಗೆ ಅದು ಸಾಲದು.

ಅಫೀಮನ್ನು ಪರವಾನಗಿ ಕೊಟ್ಟು ಬೆಳೆಸಿ ಪರದೇಶಕ್ಕೂ ಕಳಿಸುವ ದೇಶ ನಮ್ಮದು. ಆದರೂ 1985ರ ಮಾದಕ ವಸ್ತು ಕಾಯ್ದೆಯ ಬಳಿಕ ಪರವಾನಗಿಗಳ ಗೋಜಲಿಗೂ ಶಿಕ್ಷೆಯ ಭಯಕ್ಕೂ ಹೆದರಿ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 1997ರಲ್ಲಿ ಇಡೀ ದೇಶದಲ್ಲಿ ಚಿಕಿತ್ಸೆಗೆ ಬಳಕೆಯಾದ ಮಾರ್ಫಿನ್ ಸುಮಾರು 18 ಕಿಲೋಗ್ರಾಂ ಮಾತ್ರ. ಕಳ್ಳನನ್ನು ಹಿಡಿಯಲು ಹಾಕಿದ ಬೀಗ ಮನೆಯವರನ್ನೇ ಹೊರಗೆ ನಿಲ್ಲಿಸಿತು. 2014ರ ತಿದ್ದುಪಡಿ ಈ ಬೀಗವನ್ನು ಸಡಿಲಿಸಿತು. ಮಾರ್ಫಿನ್, ಫೆಂಟನಿಲ್ ಸೇರಿ ಅಗತ್ಯ ಔಷಧಗಳಿಗೆ ಮಾನ್ಯತೆ ಪಡೆದ ಆಸ್ಪತ್ರೆಗೆ ಹಲವು ಪರವಾನಗಿಗಳ ಬದಲು ಒಂದೇ ಸಾಕೆಂದಾಯಿತು.

ಹಾಗಿದ್ದರೂ ಕಾನೂನೊಂದೇ ಸಾಲದು. ಬೆಂಗಳೂರಿನ ದೊಡ್ಡ ಆಸ್ಪತ್ರೆಯಾಗಲಿ, ಕನಕಪುರ, ಮಾಗಡಿಯಂತಹ ಊರಿನದಾಗಲಿ, ಬೆನ್ನಿಗೆ ಮಾರ್ಫಿನ್ ಕೊಟ್ಟ ಮೇಲೆ ಒಂದು ದಿನ ಕಾಲಕಾಲಕ್ಕೆ ಬಾಣಂತಿಯ ಉಸಿರು ಎಣಿಸುವ ದಾದಿ ಬೇಕು, ಉಸಿರು ಕುಗ್ಗಿದರೆ ಕೊಡಲು ನಲಾಕ್ಸೋನ್ ಕೈಯಳತೆಯಲ್ಲಿರಬೇಕು. ಇವೆರಡೂ ಇಲ್ಲದ ಕಡೆ ವೈದ್ಯರು ಬೇರೆ ನೋವಿನ ಔಷಧ ಆರಿಸುವುದೇ ಸರಿ. ಶಸ್ತ್ರಕ್ರಿಯೆಗೆ ಮುಂಚೆ ಅರಿವಳಿಕೆ ವೈದ್ಯರನ್ನು ಕೇಳಿ: ಸೂಜಿಯಲ್ಲಿ ಏನೇನಿದೆ, ರಾತ್ರಿ ನೋಡಿಕೊಳ್ಳುವವರು ಯಾರು? ಮಾರ್ಫಿನ್ ಸೇರಿದ್ದರೆ ಬಾಣಂತಿಗೆ ಮೂಗು, ಮುಖ ತುರಿಸಬಹುದು, ವಾಕರಿಕೆಯೂ ಬರಬಹುದು. ಇದಕ್ಕೆ ಗಾಬರಿ ಬೇಡ, ದಾದಿಗೆ ಹೇಳಿದರೆ ಔಷಧವಿದೆ. ಆದರೆ ಕರೆದರೆ ಕಣ್ಣು ಬಿಡದಷ್ಟು ಮಂಪರು ಕಂಡರೆ ಆ ಕ್ಷಣವೇ ಕೂಗಿ ಕರೆಯಿರಿ.