ಪದ ಪರಿಚಯ: ವಿವರಿಸಿ

ಜೀವಶಾಸ್ತ್ರದ ಪ್ರಶ್ನೆಪತ್ರಿಕೆಯಲ್ಲಿ ಹೆಚ್ಚು ಅಂಕ ಹೊತ್ತು ಬರುವ ಕ್ರಿಯಾಪದ ‘ವಿವರಿಸಿ’. ಸಂಸ್ಕೃತದ ‘ವೃ’ ಧಾತುವಿಗೆ ಮುಚ್ಚು ಎಂಬ ಅರ್ಥವಿದೆ. ‘ಆವರಣ’ ಹುಟ್ಟಿದ್ದೂ ಅದರಿಂದಲೇ. ‘ವಿ’ ಸೇರಿದರೆ ಅರ್ಥ ತಿರುಗಿಬಿಡುತ್ತದೆ: ಮುಚ್ಚಿದ್ದನ್ನು ತೆರೆ. ‘ವಿವರ’ಕ್ಕೆ ರಂಧ್ರ, ಬಿಲ ಎಂಬ ಹಳೆಯ ಅರ್ಥಗಳೂ ಉಂಟು. ಕನ್ನಡದ ಬಳಕೆಯಲ್ಲಿ ಅವು ಹಿಂದೆ ಸರಿದು, ಬಿಡಿಸಿ ಹೇಳಿದ ಸಂಗತಿ ಎಂಬುದೇ ನಿಂತಿದೆ.

ರಂಧ್ರದ ಮಾತು ಬಂತಲ್ಲ, ಪತ್ರರಂಧ್ರವನ್ನೇ ತೆಗೆದುಕೊಳ್ಳಿ. ‘ಅದನ್ನು ನಿಯಂತ್ರಿಸುವ ಕೋಶಗಳನ್ನು ಹೆಸರಿಸಿ’ ಎಂದರೆ ‘ಕಾವಲು ಕೋಶಗಳು’ ಎಂದು ಬರೆದರೆ ಮುಗಿಯಿತು. ‘ತೆರೆದು ಮುಚ್ಚುವುದನ್ನು ವಿವರಿಸಿ’ ಎಂದರೆ ಕ್ರಮವೂ ಕಾರಣವೂ ಬೇಕು: ಕಾವಲು ಕೋಶಗಳೊಳಗೆ ನೀರು ನುಗ್ಗುತ್ತದೆ, ಅವು ಉಬ್ಬುತ್ತವೆ, ರಂಧ್ರದ ಕಡೆಯ ಭಿತ್ತಿ ದಪ್ಪವಾದ್ದರಿಂದ ಹೆಚ್ಚು ಹಿಗ್ಗದೆ ಬಾಗುತ್ತದೆ, ರಂಧ್ರ ತೆರೆಯುತ್ತದೆ. ನೀರು ಹೊರಹೋದರೆ ಕೋಶಗಳು ಸಡಿಲಗೊಂಡು ರಂಧ್ರ ಮುಚ್ಚುತ್ತದೆ. ‘ಆದ್ದರಿಂದ’ ಎಂಬ ಕೊಂಡಿಯೇ ಇಲ್ಲದ ಉತ್ತರ ಬರೀ ವರ್ಣನೆ. ಎಲೆಯ ಮಹಿಮೆಯನ್ನು ಎರಡು ಪುಟ ಕೊರೆದರೂ ಅಷ್ಟೇ!

ಉತ್ತರ ಶುರುಮಾಡುವ ಮುನ್ನ ಪ್ರಶ್ನೆಯ ಕೊನೆಯ ಕ್ರಿಯಾಪದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದುಕೊಳ್ಳಿ.